ಮರುಭೂಮಿಗೆ ನೀರು ಹರಿಸಿದ ಓಕಾನರ್

ಪಶ್ಚಿಮ ಆಸ್ಟ್ರೇಲಿಯಾದ ಒಣನೆಲದಲ್ಲಿ 1892ರಲ್ಲಿ ಕೂಲ್‌ಗಾರ್ಡಿ, ಮರುವರ್ಷ ಕಾಲ್‌ಗೂರ್ಲಿ ಎಂಬಲ್ಲಿ ಚಿನ್ನ ದೊರೆಯಿತು. ಸಾವಿರಾರು ಜನ ಧಾವಿಸಿದರು. ಆದರೆ ಅಲ್ಲಿ ಬತ್ತದ ನದಿಯಿರಲಿಲ್ಲ, ಚರಂಡಿಯಿರಲಿಲ್ಲ. ಕಲುಷಿತ ನೀರಿನಿಂದ ಹಬ್ಬಿದ ವಿಷಮಶೀತಜ್ವರ ನೂರಾರು ಮಂದಿಯನ್ನು ಬಲಿ ತೆಗೆದುಕೊಂಡಿತು.

ಈ ಗಣಿನಗರಗಳ ದಾಹ ತಣಿಸಲು ಮುಂದಾದವರು ಎಂಜಿನಿಯರ್ ಚಾರ್ಲ್ಸ್ ಯೆಲ್ವರ್ಟನ್ ಓಕಾನರ್. 1843ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಅವರು ನ್ಯೂಜಿಲೆಂಡ್‌ನಲ್ಲಿ ದುಡಿದು, 1891ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮುಖ್ಯ ಎಂಜಿನಿಯರ್ ಆದರು. ಫ್ರೀಮ್ಯಾಂಟಲ್ ಬಂದರು ಅವರದೇ ಕೃತಿ.

1896ರಲ್ಲಿ ಅವರು ರೂಪಿಸಿದ ಯೋಜನೆ ಸಾಹಸದ್ದಾಗಿತ್ತು. ಪರ್ತ್ ಸಮೀಪ ಹೆಲೆನಾ ನದಿಗೆ ಮಂಡೇರಿಂಗ್‌ನಲ್ಲಿ ಅಣೆಕಟ್ಟು. ಅಲ್ಲಿಂದ ಕೂಲ್‌ಗಾರ್ಡಿಗೆ ಸುಮಾರು 530 ಕಿ.ಮೀ. ಉಕ್ಕಿನ ಕೊಳವೆ. 8 ಪಂಪಿಂಗ್ ಕೇಂದ್ರಗಳ ಉಗಿಯಂತ್ರಗಳು ದಿನಕ್ಕೆ ಸುಮಾರು 2.3 ಕೋಟಿ ಲೀಟರ್ ನೀರನ್ನು 300 ಮೀಟರಿಗೂ ಹೆಚ್ಚು ಮೇಲಕ್ಕೆತ್ತಬೇಕಿತ್ತು.

ಇದು ಆಗದ ಮಾತೆಂದು ಟೀಕಾಕಾರರು ಹಂಗಿಸಿದರು. ಪತ್ರಿಕೆಗಳಲ್ಲಿ ಭ್ರಷ್ಟಾಚಾರದ ಆರೋಪವೂ ಬಂತು. ಮನನೊಂದ ಓಕಾನರ್ 1902ರ ಮಾರ್ಚ್ 10ರಂದು ಫ್ರೀಮ್ಯಾಂಟಲ್ ಸಮೀಪದ ಕಡಲತೀರದಲ್ಲಿ ಪ್ರಾಣ ಕಳೆದುಕೊಂಡರು. ಬಳಿಕ ನಡೆದ ವಿಚಾರಣೆಯಲ್ಲಿ ಅವರ ಮೇಲಿನ ಆರೋಪಕ್ಕೆ ಆಧಾರ ಸಿಗಲಿಲ್ಲ.

1903ರ ಜನವರಿ 24ರಂದು ಯೋಜನೆ ಉದ್ಘಾಟನೆಗೊಂಡು ಕಾಲ್‌ಗೂರ್ಲಿಗೆ ನೀರು ಹರಿಯಿತು. ನೋಡಲು ಅವರಿರಲಿಲ್ಲ. ವಿಸ್ತರಣೆಗೊಂಡ ಆ ಕೊಳವೆಮಾರ್ಗ ಇಂದಿಗೂ ಅಲ್ಲಿಗೆ ನೀರುಣಿಸುತ್ತಿದೆ.