ಆಲ್ಬರ್ಟ್ ಹೊವಾರ್ಡ್ ಕಾಂಪೋಸ್ಟ್ ಹೊರ್ತಿಗೆ ಒಗ್ಗುತ್ತಾ?

ಕಾಂಪೋಸ್ಟ್ ಅಂದರೆ ಈಗ ನಮಗೆ ಅಂಗಡಿಯ ಪ್ಯಾಕೆಟ್ಟೇ ನೆನಪಾಗುತ್ತೆ. ಅದನ್ನು ಜಗತ್ತಿಗೆ ಶಾಸ್ತ್ರವಾಗಿ ತಿಳಿಸಿಕೊಟ್ಟವರಲ್ಲಿ ಪ್ರಮುಖರಾದ ಆಲ್ಬರ್ಟ್ ಹೊವಾರ್ಡ್ ಪಾಠ ಕಲಿತದ್ದು ಮಾತ್ರ ಇಲ್ಲಿನ ರೈತರ ಹೊಲದಲ್ಲಿ.

1873ರಲ್ಲಿ ಇಂಗ್ಲೆಂಡಿನ ರೈತ ಕುಟುಂಬವೊಂದರಲ್ಲಿ ಹುಟ್ಟಿದ ಹೊವಾರ್ಡ್, ಕೇಂಬ್ರಿಡ್ಜ್‌ನಲ್ಲಿ ಓದಿ, 1905ರಲ್ಲಿ ಬಿಹಾರದ ಪೂಸಾಕ್ಕೆ ಸರ್ಕಾರಿ ಸಸ್ಯವಿಜ್ಞಾನಿಯಾಗಿ ಬಂದರು. ಪತ್ನಿ ಗೇಬ್ರಿಯಲ್ ಕೂಡ ಸಸ್ಯವಿಜ್ಞಾನಿ. ಇಬ್ಬರೂ ಸೇರಿ ಹೊಸ ಗೋಧಿ ತಳಿಗಳನ್ನು ಕೊಟ್ಟರು. ಆದರೆ ತಳಿ ಎಷ್ಟೇ ಚೆನ್ನಾಗಿರಲಿ, ಮಣ್ಣಲ್ಲಿ ಸತ್ವ ಇಲ್ಲದಿದ್ದರೆ ಏನೂ ಆಗಲ್ಲ ಅನ್ನೋದು ಹೊವಾರ್ಡ್‌ಗೆ ಮನದಟ್ಟಾಯಿತು. ಔಷಧಿ ಹೊಡೆಯದ ಸುತ್ತಲಿನ ರೈತರ ಬೆಳೆಗೆ ರೋಗ ಕಡಿಮೆ ಇದ್ದದ್ದು ಕಂಡು, ಅವರನ್ನೇ ಗುರುಗಳು ಅಂದುಕೊಂಡರು.

1924ರಲ್ಲಿ ದಂಪತಿ ಇಂದೋರ್‌ಗೆ ಹೋದರು. ಅಲ್ಲಿ ಯಶವಂತ ವಾಡ್ ಎಂಬ ಸಹೋದ್ಯೋಗಿಯ ಜೊತೆ ರೂಪುಗೊಂಡದ್ದೇ ಇಂದೋರ್ ಪದ್ಧತಿ. ಗಟ್ಟಿ ಹತ್ತಿಕಟ್ಟಿಗೆಯನ್ನು ದಾರಿಗೆ ಹಾಸಿ ಬಂಡಿಗಾಲಿಯಿಂದ ಪುಡಿ ಮಾಡಿಸುವುದು, ಕಸಕಡ್ಡಿ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿಯನ್ನು ಪದರ ಪದರವಾಗಿ ಹಾಕುವುದು, ನೀರು ಚಿಮುಕಿಸಿ ಆಗಾಗ ತಿರುವುವುದು. ಸುಮಾರು 3 ತಿಂಗಳಿಗೆ ಗೊಬ್ಬರ ಸಿದ್ಧ. 1930ರಲ್ಲಿ ಗೇಬ್ರಿಯಲ್ ತೀರಿಕೊಂಡರು. ಮರುವರ್ಷ ವಾಡ್ ಜೊತೆ ಪುಸ್ತಕ ಪ್ರಕಟಿಸಿ ಹೊವಾರ್ಡ್ ಭಾರತ ಬಿಟ್ಟರು. 1934ರಲ್ಲಿ ಸರ್ ಪದವಿ ಬಂತು. 1947ರಲ್ಲಿ ನಿಧನರಾದರು. ಹೆಸರು ಉಳಿದದ್ದು ಹೆಚ್ಚಾಗಿ ಒಬ್ಬರದೇ.

ಈಗ ಇಂಡಿ ತಾಲೂಕಿನ ಹೊರ್ತಿಗೆ ಬರೋಣ. ಲಿಂಬೆ ಸೀಮೆ, ಮಳೆ ಕಡಿಮೆ. ಬೇಸಿಗೆಯಲ್ಲಿ ಕುಡಿಯೋ ನೀರಿಗೇ ಪರದಾಟ ಇರುವಲ್ಲಿ ತಿಪ್ಪೆಗೆ ನೀರು ಹಾಕಿ ಅಂದರೆ ಯಾರು ಕೇಳ್ತಾರೆ? ಉತ್ತರ ನಮ್ಮ ರಾಜ್ಯದಲ್ಲೇ ಇದೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ತುಂಬಿದ ಗುಂಡಿಯನ್ನು ಮಣ್ಣಿನಿಂದ ಮೆತ್ತಿಬಿಡ್ತಾರೆ. ತೇವ ಆರಲ್ಲ, ತಿರುವುವ ಆಳೂ ಬೇಡ. 6ರಿಂದ 8 ತಿಂಗಳು ಕಾಯಬೇಕು, ಅಷ್ಟೇ.

ಹಿತ್ತಲಲ್ಲಿ ಒಂದು ಸಣ್ಣ ಗುಂಡಿ ಸಾಕು. ಕಾಯಿಪಲ್ಯದ ಸಿಪ್ಪೆ, ಒಣ ಎಲೆ, ಸಗಣಿ ರಾಡಿ ಪದರವಾಗಿ ಹಾಕಿ ಮುಚ್ಚಿ. ಪ್ಲಾಸ್ಟಿಕ್ ಮಾತ್ರ ಬೇಡ, ಅದು ಗೊಬ್ಬರದ ಜೊತೆ ಹೊಲ ಸೇರಿದರೆ ಆರಿಸಿ ತೆಗೆಯೋಕಾಗಲ್ಲ. ಹೊವಾರ್ಡ್ ಕೂಡ ಇಲ್ಲಿ ಬಂದಿದ್ದರೆ ಮೊದಲು ನೋಡ್ತಿದ್ದದ್ದು ಈ ಊರಿನ ನೀರನ್ನು, ಆಮೇಲೆ ತಮ್ಮ ಪುಸ್ತಕವನ್ನು.