ಕೆಲಸ ಗೋಧಿಯದು, ಮನಸ್ಸು ಗುಲಾಬಿಯದು

ಹುಮನಾಬಾದ್ ಸಂತೆಯಿಂದ ತಂದ ದೊಡ್ಡ ಹೂವಿನ ಕಸಿ ಗುಲಾಬಿ ಒಂದು ಬೇಸಿಗೆಯನ್ನೂ ದಾಟಲಿಲ್ಲ. ಕಸಿ ಕಟ್ಟಿದ ಭಾಗ ಒಣಗಿ, ಬುಡದಿಂದ ಬರೀ ಕಾಡು ಚಿಗುರು ಎದ್ದಿತು. ಬಸವಕಲ್ಯಾಣದ ನಮ್ಮ ಅಂಗಳದಲ್ಲಿ ಅದರ ಪಕ್ಕದಲ್ಲೇ ಆಯಿ ಕಡ್ಡಿ ಊರಿ ಬೆಳೆಸಿದ ಪನ್ನೀರು ಗುಲಾಬಿ ಮಾತ್ರ ಬಿಸಿಲಿಗೆ ಜಗ್ಗಲಿಲ್ಲ. ಹೂ ಚಿಕ್ಕದು, ಬೇಗ ಉದುರುತ್ತದೆ. ಆದರೆ ನಾಲ್ಕು ಅರಳಿದರೆ ಸಾಕು, ಮನೆಯೆಲ್ಲ ಘಮಘಮ. ಎಸಳಿಗೆ ಸಕ್ಕರೆ ಬೆರೆಸಿ ಬಿಸಿಲಿಗಿಟ್ಟರೆ ಗುಲ್ಕನ್.

ಎರಡನೇ ಸಲವೂ ನೇಮಕಾತಿ ಪರೀಕ್ಷೆಯಲ್ಲಿ ಫೇಲಾದಾಗ, ಗಿಡದ ಹುಚ್ಚಿಗೆ ಓದು ಹಾಳು ಮಾಡಿಕೊಂಡೆ ಎಂದು ಅಪ್ಪ ಬೈದರು. ಗಿಡ ಕಿತ್ತೇಬಿಡೋಣ ಅನಿಸಿತು. ಆ ದಿನಗಳಲ್ಲೇ ನೋಟ್ಸ್ ಮಾಡುವಾಗ ಸಿಕ್ಕ ಹೆಸರು ಡಾ. ಬಿ.ಪಿ. ಪಾಲ್.

ಬೆಂಜಮಿನ್ ಪಿಯಾರಿ ಪಾಲ್ ಹುಟ್ಟಿದ್ದು 1906ರ ಮೇ 26ರಂದು, ಪಂಜಾಬಿನಲ್ಲಿ. ಬೆಳೆದದ್ದು ಬರ್ಮಾದಲ್ಲಿ, ತಂದೆ ಅಲ್ಲಿ ವೈದ್ಯರು. ಓದಿದ ಶಾಲೆಯಲ್ಲೊಂದು ಗುಲಾಬಿ ತೋಟವಿತ್ತು. ಮೋಹ ಅಲ್ಲಿಂದಲೇ ಶುರು. ರಂಗೂನಿನಲ್ಲಿ ಸಸ್ಯಶಾಸ್ತ್ರ, ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮುಗಿಸಿ 1933ರಲ್ಲಿ ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆ ಸೇರಿದರು. ಮರು ವರ್ಷವೇ ಭೂಕಂಪ. 1936ರಲ್ಲಿ ಸಂಸ್ಥೆ ದೆಹಲಿಗೆ ಬಂತು, ಜೊತೆಗೆ ಪಾಲ್ ಕೂಡ.

ಗೋಧಿಗೆ ಬರುವ ಮೂರು ಬಗೆಯ ತುಕ್ಕು ರೋಗಗಳನ್ನೂ ತಡೆಯುವ ತಳಿಗಾಗಿ ಅವರು ವರ್ಷಗಟ್ಟಲೆ ದುಡಿದರು. 1954ರಲ್ಲಿ ಎನ್.ಪಿ. 809 ಬಂತು. 1950ರಲ್ಲೇ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದರು.

ಇಷ್ಟು ಹೊಣೆಯ ನಡುವೆಯೂ ಗುಲಾಬಿಯನ್ನು ಬಿಡಲಿಲ್ಲ. ಹೊಸ ತಳಿ ಮಾಡುವುದು ಒಂದು ದಿನದ ಕೆಲಸವಲ್ಲ. ತಾಯಿ ಹೂವಿನ ಕೇಸರ ಕಿತ್ತು, ಇನ್ನೊಂದು ಹೂವಿನ ಪರಾಗ ಹಚ್ಚಬೇಕು. ಕಾಯಿ ಹಣ್ಣಾಗಿ, ಬೀಜ ಮೊಳೆತು, ಹೂ ಬರುವವರೆಗೆ ಕಾಯಬೇಕು. ಹೆಚ್ಚಿನ ಸಸಿಗಳನ್ನು ಕೈಬಿಡಲೇಬೇಕು. ಪಾಲ್ ಹೀಗೆ ಕಾದು ‘ಡೆಲ್ಲಿ ಪ್ರಿನ್ಸೆಸ್’, ‘ಬಂಜಾರನ್’, ‘ಡಾ. ಹೋಮಿ ಭಾಭಾ’ ತಳಿಗಳನ್ನು ಕೊಟ್ಟರು. ಅವರ ‘ರೋಸ್ ಶರಬತ್’ ಪರಿಮಳಕ್ಕೇ ಹೆಸರಾಯಿತು. 1966ರಲ್ಲಿ ಭಾರತದ ಗುಲಾಬಿಗಳ ಬಗ್ಗೆ ದೊಡ್ಡ ಪುಸ್ತಕವೂ ಬಂತು. 1972ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಫೆಲೋ, 1987ರಲ್ಲಿ ಪದ್ಮವಿಭೂಷಣ. ಅವಿವಾಹಿತರಾಗಿಯೇ ಉಳಿದ ಅವರು ಮನೆಯನ್ನು ದೆಹಲಿಯ ಅದೇ ಸಂಸ್ಥೆಗೆ ಬಿಟ್ಟು 1989ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ನನ್ನ ಓದು ಕೆಡಿಸಿದ್ದು ಗಿಡವಲ್ಲ, ಹೊತ್ತುಗೊತ್ತಿಲ್ಲದ ನನ್ನ ದಿನಚರಿ ಎಂದು ಆಗ ಹೊಳೆಯಿತು. ಈಗ ಮುಂಜಾನೆ ಅರ್ಧ ಗಂಟೆ ಮಾತ್ರ ಗಿಡಕ್ಕೆ, ಉಳಿದದ್ದು ಪುಸ್ತಕಕ್ಕೆ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಆರು ಕಡ್ಡಿ ಊರಿದ್ದೆ; ಎರಡು ಚಿಗುರಿವೆ. ಒಂದು ಹುಮನಾಬಾದಿನ ಗೆಳೆಯನಿಗೆ. ಅವನೂ ನನ್ನಂತೆಯೇ ಮತ್ತೊಮ್ಮೆ ಪರೀಕ್ಷೆಗೆ ಕೂರುತ್ತಿದ್ದಾನೆ.