ದೊಡ್ಡಸ್ವಾಮಿಯವರು

ಬಿಸಿಲೆಯ ಮಲೆಗಳಿಂದ ಸಕಲೇಶಪುರ, ಆಲೂರುಗಳನ್ನು ಹಾದು ಹಾಸನದ ಕಡೆಗೆ ಹೋಗುವ ನಮ್ಮ ವಾಚಕರಲ್ಲಿ ಕೆಲವರಾದರೂ ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಪಾಳುದೇವಾಲಯವನ್ನು ಕಂಡಿರಬಹುದು. ಮಳೆಗಾಲದಲ್ಲಿ ಅದರ ಗೋಡೆಗಳು ನೀರಿನಲ್ಲಿ ಮುಳುಗುವವು; ಬೇಸಿಗೆಯಲ್ಲಿ ಬುಡದ ತನಕ ಕಾಣುವವು. ಅದನ್ನು ಅಬ್ಬೆ ದುಬಾಯರು ಕಟ್ಟಿಸಿದರೆಂದು ಹೇಳುವವರುಂಟು. ಅದು ಸರಿಯಲ್ಲ. ಆ ದೇವಾಲಯವು ಎದ್ದದ್ದು 1860ರ ಸುಮಾರಿನಲ್ಲಿ. ಅವರು ಈ ದೇಶವನ್ನು ಬಿಟ್ಟದ್ದು 1823ರಲ್ಲಿ. ಆದರೂ ಈ ಸೀಮೆಯಲ್ಲಿ ಅವರ ಹೆಸರು ಉಳಿದುದಕ್ಕೆ ಕಾರಣವಿದೆ.

ದುಬಾಯರು ಫ್ರಾನ್ಸಿನ ದಕ್ಷಿಣದ ಸೇನ್ ರೆಮೆಜ್ ಎಂಬ ಹಳ್ಳಿಯವರು. 1792ರಲ್ಲಿ ರೋಮನ್ ಸಭೆಯ ಗುರುಪಟ್ಟ ಹೊಂದಿ, ಅದೇ ವರ್ಷ ಹಿಂದೂದೇಶಕ್ಕೆ ಹೊರಟರು. ಇಲ್ಲಿ ಬಂದು ಐರೋಪ್ಯರ ಸಹವಾಸವನ್ನು ಬಿಟ್ಟು, ಈ ದೇಶದವರಂತೆ ಉಡಿಗೆಯುಟ್ಟು, ಮಾಂಸವನ್ನು ತೊರೆದು ಜನರ ನಡುವೆ ಇದ್ದರು. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು.

ಟಿಪ್ಪುವು 1784ರಲ್ಲಿ ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದ್ದನು. ಅನೇಕರನ್ನು ಬಲವಂತದಿಂದ ಮತ ಬಿಡಿಸಿದ್ದನು. 1799ರಲ್ಲಿ ಪಟ್ಟಣವು ಬಿದ್ದ ತರುವಾಯ, ಚದರಿಹೋದ ಮೈಸೂರು ಸೀಮೆಯ ಕ್ರೈಸ್ತರನ್ನು ಕೂಡಿಸಲು ದುಬಾಯರು ಬಂದರು. ಬಡವರಿಗೆ ಬೋಧನೆಯೊಂದೇ ಸಾಲದೆಂದು ಕಂಡು, ಅವರನ್ನು ನೆಲದಲ್ಲಿ ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ಹಾಸನದ ಬಳಿ, ಹಳೆಯ ಪುಸ್ತಕಗಳು ಸಾತಳ್ಳಿ ಎಂದು ಬರೆಯುವ ಹಳ್ಳಿಯು ಅವುಗಳಲ್ಲಿ ಮುಖ್ಯವಾದದ್ದು. ಉಳುವ ನೆಲವಿಲ್ಲದ ಸಭೆಯ ಪಾಡೇನೆಂದು ನಮ್ಮ ಹಳ್ಳಿಯವರಿಗೆ ನಾವು ವಿವರಿಸಬೇಕಾಗಿಲ್ಲ.

ಸಿಡುಬಿನ ಕಾಲದಲ್ಲಿ ಅವರು ಮಾಡಿದ್ದನ್ನು ನಾವು ಇನ್ನೂ ಹೆಚ್ಚಾಗಿ ಎಣಿಸುತ್ತೇವೆ. ಇಂಗ್ಲೆಂಡಿನ ಹಳ್ಳಿಯೊಂದರ ವೈದ್ಯನಾದ ಜೆನ್ನರನು 1796ರಲ್ಲಿ ಗೋವಿನ ಸಿಡುಬಿನ ರಸವನ್ನು ತೋಳಿಗೆ ಹಾಕಿ ಪರೀಕ್ಷಿಸಿದನು. ಆ ದಾಕು 1802ರಲ್ಲಿ ಬೊಂಬಾಯಿಗೆ ತಲಪಿತು. ಮರುವರ್ಷವೇ ದುಬಾಯರು ಕೆಲಸಕ್ಕೆ ಕೈಹಾಕಿ, 1803-04ರಲ್ಲಿ 25,432 ಜನರಿಗೆ ದಾಕು ಹಾಕಿಸಿದರೆಂದು ಲೆಕ್ಕವಿದೆ. ಸಿಡುಬು ದೇವಿಯ ಮುನಿಸೆಂದು ನಂಬಿದ್ದ ಜನರು ಪರದೇಶದವನೊಬ್ಬನ ಮಾತಿಗೆ ತೋಳು ಚಾಚುವುದೆಂದರೆ ಸಣ್ಣ ಸಂಗತಿಯಲ್ಲ.

ಅವರು ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತು ಬರೆದ ಗ್ರಂಥವನ್ನು ಕಂಪೆನಿ ಸರಕಾರವು 2,000 ವರಹಗಳಿಗೆ ಕೊಂಡಿತು. ಅದು 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅವರ ಕೀರ್ತಿಯೆಲ್ಲ ಇದರಿಂದಲೇ. ಆದರೆ ಅದರಲ್ಲಿ ಬಹುಭಾಗವು ಕೇರ್ದೂ ಎಂಬ ಹಿಂದಿನ ಯೇಸುಸಭೆಯ ಪಾದ್ರಿಯ ಬರಹದಿಂದ ತೆಗೆದುದೆಂದು 1987ರಲ್ಲಿ ಫ್ರೆಂಚ್ ವಿದುಷಿಯೊಬ್ಬರು ತೋರಿಸಿದರು. ಇದನ್ನು ನಾವು ಮುಚ್ಚಿಡಲಾರೆವು.

ಮೂವತ್ತು ವರ್ಷ ದುಡಿದು ಹಿಂದಿರುಗಿದ ದುಬಾಯರು 1823ರಲ್ಲಿ ಪತ್ರಗಳ ಪುಸ್ತಕವೊಂದನ್ನು ಪ್ರಕಟಿಸಿದರು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ, ತನ್ನ ದುಡಿಮೆಯೂ ವ್ಯರ್ಥವಾಯಿತು ಎಂಬುದೇ ಅದರ ಸಾರ. ಬೈಬಲನ್ನು ದೇಶಭಾಷೆಗಳಿಗೆ ತಿರುಗಿಸಿ ಹಂಚುವುದರಿಂದಲೂ ಫಲವಿಲ್ಲವೆಂದು ಬರೆದರು. ಪ್ರೊಟೆಸ್ಟಂಟ್ ಬೋಧಕರಾದ ಹೌ ಮತ್ತು ಟೌನ್ಲಿ ಎಂಬವರು 1824ರಲ್ಲಿ ಬೇರೆ ಬೇರೆಯಾಗಿ ಉತ್ತರಗಳನ್ನು ಬರೆದರು. ನಾವೂ ಅವರ ಪಕ್ಷದವರೇ. ಆದರೂ ಬಡವರೊಂದಿಗೆ ಅಷ್ಟು ಕಾಲ ಬಾಳಿದವನ ನಿರಾಶೆಯನ್ನು ಹಗುರವಾಗಿ ಆಡಲು ನಮಗೆ ಬಾಯಿ ಬಾರದು.

ಪ್ಯಾರಿಸಿನಲ್ಲಿ ಅವರು ಮಿಶನಿನ ಗುರುಮಠಕ್ಕೆ ಕೆಲವು ವರ್ಷ ಮೇಲಧಿಕಾರಿಯಾಗಿದ್ದು, 1848ರಲ್ಲಿ ತೀರಿಕೊಂಡರು. ಹಾಸನದ ಸೀಮೆಯನ್ನು ತಿರುಗಿ ನೋಡಲಿಲ್ಲ. ಅವರು ಹೊರಟುಹೋಗಿ ಸುಮಾರು ನಾಲ್ವತ್ತು ವರ್ಷಗಳಾಗುವಾಗ ಇದೇ ಸೀಮೆಯಲ್ಲಿ ಆ ದೇವಾಲಯವು ಎದ್ದಿತು.